ಹುಬ್ಬಿನಿಂದ ನಗಿಸುವ ಮಣ್ಣು

ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹಗಳ ಹಳ್ಳಿಗರು ಯಾರನ್ನೂ ನಗಿಸಲು ಹೊರಟವರಲ್ಲ. ತಮ್ಮ ಸಣ್ಣ ಸಣ್ಣ ಕೆಲಸಗಳಲ್ಲಿ ಪೂರ್ತಿ ಮುಳುಗಿರುತ್ತಾರೆ; ನಗು ಬರುವುದು ಓದುವ ನಮಗೆ. ಕ್ಲೇ ಅನಿಮೇಷನ್ ಹಾಸ್ಯದಲ್ಲಿ ನಾನು ಎಲ್ಲಕ್ಕಿಂತ ಮೇಲೆಂದು ಎಣಿಸುವ ಪರಂಪರೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆರ್ಡ್‌ಮನ್ ಸ್ಟುಡಿಯೊದ್ದು. ಅದು ನಿಂತಿರುವುದೂ ಇದೇ ಗುಣದ ಮೇಲೆ. ಹಾಗಾಗಿ ಗೊರೂರರ ಹೇಮಾವತಿ ತೀರದವರಿಗೆ ಅದು ಪರಕೀಯ ಅನ್ನಿಸಬೇಕಿಲ್ಲ.

ಪೀಟರ್ ಲಾರ್ಡ್ ಮತ್ತು ಡೇವಿಡ್ ಸ್ಪ್ರಾಕ್ಸ್ಟನ್ 1972ರಲ್ಲಿ ಕಟ್ಟಿದ ಸಂಸ್ಥೆ ಅದು. ಮುಂದೆ ಅಲ್ಲಿಗೆ ಬಂದ ನಿಕ್ ಪಾರ್ಕ್ 1982ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಕೈಗೆತ್ತಿಕೊಂಡ ‘ಎ ಗ್ರ್ಯಾಂಡ್ ಡೇ ಔಟ್’ ಮುಗಿದದ್ದು 1989ರಲ್ಲಿ. ಅರ್ಧ ಗಂಟೆಯೂ ಇಲ್ಲದ ಚಿತ್ರ. ಈ ಕೆಲಸಕ್ಕೆ ಕೆರೆಯ ಜೇಡಿಮಣ್ಣು ಒದಗದು, ದೀಪದ ಶಾಖಕ್ಕೆ ಒಣಗಿ ಬಿರಿಯುತ್ತದೆ. ಅದಕ್ಕೇ ಎಣ್ಣೆ ಬೆರೆತ, ಒಣಗದ ಕ್ಲೇ. ಅದನ್ನು ಕೂದಲೆಳೆಯಷ್ಟು ಸರಿಸಿ ಫೋಟೊ ತೆಗೆಯಬೇಕು, ಮತ್ತೆ ಸರಿಸಬೇಕು. ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮು ಓಡುತ್ತವೆ. ಒಂದು ಭಂಗಿಯನ್ನು ಎರಡು ಫ್ರೇಮಿಗೆ ಉಳಿಸಿಕೊಂಡರೂ ಸೆಕೆಂಡಿಗೆ 12 ಭಂಗಿ ಬೇಕು.

ಆ ಚಿತ್ರದ ಗ್ರಾಮಿಟ್ ಎಂಬ ನಾಯಿಗೆ ಮೊದಲು ಬಾಯಿ, ಮಾತು ಎರಡನ್ನೂ ಕೊಡುವ ಯೋಚನೆಯಿತ್ತು. ಒಂದು ದೃಶ್ಯದಲ್ಲಿ ಅದರ ಬೆನ್ನ ಮೇಲೆ ಹಲಗೆಯಿಟ್ಟು ಯಜಮಾನ ವಾಲೆಸ್ ಗರಗಸ ಎಳೆಯುತ್ತಿರುತ್ತಾನೆ. ಕೈಯಾಡಿಸಲು ಹೆಚ್ಚು ಜಾಗವಿಲ್ಲದೆ ಪಾರ್ಕ್ ಹುಬ್ಬನ್ನಷ್ಟೇ ಅಲುಗಿಸಿದರು. ಅಲ್ಲಿಗೆ ಆ ಪಾತ್ರ ಸಿಕ್ಕಿತು. ನಾಯಿ ಕೊನೆಯವರೆಗೂ ಮೂಕವಾಗಿಯೇ ಉಳಿಯಿತು. 1993ರ ‘ದಿ ರಾಂಗ್ ಟ್ರೌಸರ್ಸ್’ನ ಪೆಂಗ್ವಿನ್‌ಗೆ ಹುಬ್ಬೂ ಇಲ್ಲ, ಎರಡು ಕರಿಮಣಿ ಕಣ್ಣು, ಅಷ್ಟೇ. ಅದು ಕೆಂಪು ರಬ್ಬರ್ ಗ್ಲೌಸನ್ನು ತಲೆಗೇರಿಸಿ ಕೋಳಿಯಾಗುತ್ತದೆ, ಜನ ನಂಬುತ್ತಾರೆ. ಪೆಂಗ್ವಿನ್ ಮಾತ್ರ ನಗುವುದಿಲ್ಲ. ಆ ನಗದ ಮುಖ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬ ಲೆಕ್ಕದಲ್ಲಿಯೇ ಈ ಕಲೆಯ ಜಾಣ್ಮೆಯೆಲ್ಲ ಇದೆ.

ನಮ್ಮ ತೊಗಲುಗೊಂಬೆಯಾಟದ ವಿದೂಷಕ ಕಿಳ್ಳೇಕ್ಯಾತನನ್ನು ಇದರ ಪಕ್ಕ ಇಟ್ಟು ನೋಡಬೇಕು. ಹಾಸನದ ಗುಂಡುರಾಜು ಅವರಂಥ ಕಲಾವಿದರು ಉಳಿಸಿಕೊಂಡು ಬಂದ ಆಟ ಇದು. ಇಲ್ಲಿ ರಾಜರ ಗೊಂಬೆ ದೊಡ್ಡದು, ಆಳುಗಳದ್ದು ಚಿಕ್ಕದು. ರಾಮಾಯಣದ ನಡುವೆ ಡೊಳ್ಳುಹೊಟ್ಟೆಯ ಕಿಳ್ಳೇಕ್ಯಾತ ಹೆಂಡತಿ ಬಂಗಾರಕ್ಕನ ಜೊತೆ ನುಗ್ಗಿ ಬಂದರೆ ಆ ದೊಡ್ಡಸ್ತಿಕೆಯೆಲ್ಲ ಅಲುಗಾಡುತ್ತದೆ. ಅವನದು ಬಾಯಿಯ ಹಾಸ್ಯ: ಪೋಲಿ ಮಾತು, ಗಂಡಹೆಂಡಿರ ಜಗಳ, ಆಟ ನಡೆದ ಊರಿನ ಅಂದಿನ ಸುದ್ದಿ. ಇದು ಕ್ಲೇ ಚಿತ್ರಕ್ಕೆ ಒದಗದ ಸಂಪತ್ತು. ಒಂದು ನಿಮಿಷದ ದೃಶ್ಯಕ್ಕೆ ವಾರಗಟ್ಟಲೆ ಕೂರುವವರು ಎದುರಿಗಿರುವ ಜನರ ಮುಖ ನೋಡಿ ಮಾತು ತಿರುಗಿಸಲಾರರು.

ಆರ್ಡ್‌ಮನ್ ಎಲ್ಲ ಕಾಲಕ್ಕೂ ಒಂದೇ ಮಟ್ಟದಲ್ಲಿಲ್ಲ. ಗೊಂಬೆಯ ಮೇಲಿನ ಹೆಬ್ಬೆರಳ ಗುರುತು ಮೊದಮೊದಲು ದುಡಿಮೆಯ ಗುರುತಾಗಿತ್ತು; ಬರಬರುತ್ತ ಅದು ಸಂಸ್ಥೆಯ ಮುದ್ರೆಯಾಗಿದೆ. 2023ರ ‘ಚಿಕನ್ ರನ್: ಡಾನ್ ಆಫ್ ದಿ ನಗೆಟ್’ ನೋಡಿದರೆ ಎಲ್ಲವೂ ನುಣುಪು, ಎಲ್ಲವೂ ಅವಸರ, ಗೊಂಬೆಗೆ ಯೋಚಿಸಲು ಪುರಸೊತ್ತಿಲ್ಲ. ಮರುವರ್ಷದ ‘ವೆಂಜನ್ಸ್ ಮೋಸ್ಟ್ ಫೌಲ್’ನಲ್ಲಿ ಅದೇ ಪೆಂಗ್ವಿನ್ ಮರಳಿದಾಗ ಹಳೆಯ ಮೌನವೂ ಮರಳಿತು, ನನಗೆ ನಿಜಕ್ಕೂ ಸಂತೋಷವಾಯಿತು.

ಆದರೂ ನನ್ನ ಮಟ್ಟಿಗೆ ಈ ಪರಂಪರೆಯ ಶಿಖರ 1989ರ ‘ಕ್ರೀಚರ್ ಕಂಫರ್ಟ್ಸ್’. ಸಾಮಾನ್ಯ ಜನ ತಮ್ಮ ವಾಸದ ಬಗ್ಗೆ ಆಡಿದ ಮಾತನ್ನು ಧ್ವನಿಮುದ್ರಿಸಿ, ಪಾರ್ಕ್ ಅದನ್ನು ಮೃಗಾಲಯದ ಪ್ರಾಣಿಗಳ ಬಾಯಿಗೆ ಹಾಕಿದರು. ಬ್ರೆಜಿಲ್‌ನಿಂದ ಬಂದ ವಿದ್ಯಾರ್ಥಿಯೊಬ್ಬನ ದೂರು ಚಿರತೆಯಂಥ ಜಾಗ್ವಾರ್‌ನ ದೂರಾಯಿತು: ಜಾಗ ಸಾಲದು, ಊಟ ಸೇರದು. ಐದೇ ನಿಮಿಷದ ಈ ಚಿತ್ರಕ್ಕೆ ಆಸ್ಕರ್ ಬಂತು. ಕಿಳ್ಳೇಕ್ಯಾತ ಊರಿನ ಮಾತನ್ನು ಎತ್ತಿಕೊಳ್ಳುವ ರೀತಿಗೆ ಕ್ಲೇ ಇಷ್ಟು ಹತ್ತಿರ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಚನ್ನರಾಯಪಟ್ಟಣದ ತೆಂಗಿನ ವ್ಯಾಪಾರ, ಅರಕಲಗೂಡು ಸೀಮೆಯ ಹೊಗೆಸೊಪ್ಪಿನ ಹರಾಜು, ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಕಾಯುವಿಕೆ, ಇವುಗಳ ಮಾತನ್ನು ಮುದ್ರಿಸಿ ಒಂದು ಮಣ್ಣಿನ ಎಮ್ಮೆಗೆ ಕೊಡಬಹುದು. ಒಂದು ಕ್ಯಾಮೆರಾ, ಒಂದು ಮೇಜು, ಅಲುಗದ ಬೆಳಕು ಇದ್ದರೆ ಕೆಲಸ ಶುರುಮಾಡಬಹುದು. ಆ ಎಮ್ಮೆಗೆ ಗೊರೂರರ ಹಳ್ಳಿಗರ ಗಾಂಭೀರ್ಯ ಇರಬೇಕು.