ಊರು ಕಟ್ಟುವವರು ಯಾರು?

ನಮ್ಮ ಹಳೆಯ ಕಾವ್ಯಗಳ ಓಲೆಪ್ರತಿಗಳೊಡನೆ ಒಡನಾಡಿದವರಿಗೆ ಪ್ರಕ್ಷೇಪವೆಂಬ ಮಾತು ಹೊಸದಲ್ಲ. ಮೂಲಕವಿ ಬರೆಯದ ಪದ್ಯಗಳನ್ನು ಲಿಪಿಕಾರನೋ, ಗಮಕಿಯೋ, ಕಾವ್ಯದ ಮೇಲೆ ಪ್ರೀತಿಯಿದ್ದ ಮತ್ತಾರೋ ನಡುವೆ ಸೇರಿಸಿಬಿಡುತ್ತಾರೆ. ಸಂಪಾದಕರು ಅಂಥ ಪದ್ಯಗಳನ್ನು ಹುಡುಕಿ ಅಡಿಟಿಪ್ಪಣಿಗೆ ಇಳಿಸುತ್ತಾರೆ. ಅದು ನ್ಯಾಯವೇ. ಆದರೂ ಅವುಗಳನ್ನು ಬಿಡದೆ ಓದುವ ಚಪಲ ನನಗೆ ಮೊದಲಿನಿಂದಲೂ ಇದೆ. ಪ್ರಕ್ಷೇಪಕಾರ ಕಂಡ ಕಂಡಲ್ಲಿ ಕೈಹಾಕುವುದಿಲ್ಲ. ಮೂಲದಲ್ಲಿ ತನಗೆ ಎಲ್ಲಿ ಕೊರತೆ ಕಂಡಿತೋ ಅಲ್ಲಿ ಹಾಕುತ್ತಾನೆ. ಆದುದರಿಂದ ಅವನ ಪದ್ಯಗಳು ಒಂದು ಬಗೆಯ ವಿಮರ್ಶೆಯೂ ಆಗಿರುತ್ತವೆ.

ಈ ಮಾತು ನೆನಪಾದುದು ಕಾವ್ಯವನ್ನು ಓದುವಾಗಲ್ಲ, ಗಣಕಯಂತ್ರದ ಮುಂದೆ ಕುಳಿತು ಒಂದು ಆಟವಾಡುವಾಗ. ಸಾಹಿತ್ಯದ ಪುಟದಲ್ಲಿ ಆಟದ ವಿಚಾರವೇ ಎಂದು ಕೆಲವರು ಹುಬ್ಬೇರಿಸಬಹುದು. ಕಥೆಯಿದ್ದು, ಪಾತ್ರಗಳಿದ್ದು, ಅವು ನಮ್ಮ ಮನಸ್ಸನ್ನು ಕಲಕುವಂತಿದ್ದರೆ ಅದರ ಗುಣದೋಷಗಳನ್ನು ಎಣಿಸುವುದು ವಿಮರ್ಶಕನ ಕೆಲಸವೆಂದೇ ನನ್ನ ನಂಬಿಕೆ.

ಮೂಲಕೃತಿಯ ಹೆಸರು ‘ಫಾಲ್‌ಔಟ್ 4’. ಅಮೆರಿಕದ ಬೆಥೆಸ್ಡಾ ಸಂಸ್ಥೆ 2015ರಲ್ಲಿ ಹೊರತಂದದ್ದು. ಕಥೆಯ ಪ್ರಕಾರ 2077ರ ಅಕ್ಟೋಬರ್ 23ರಂದು ಅಣುಯುದ್ಧವಾಗುತ್ತದೆ. ಬಾಸ್ಟನ್ ನಗರದ ಹೊರವಲಯದ ಒಂದು ಕುಟುಂಬ ನೆಲಮಾಳಿಗೆಯ ಆಶ್ರಯದೊಳಗೆ ಹಿಮನಿದ್ರೆಗೆ ಸಲ್ಲುತ್ತದೆ. ಇನ್ನೂರಹತ್ತು ವರ್ಷಗಳ ಮೇಲೆ ನಾಯಕ ಅಥವಾ ನಾಯಿಕೆ ಎಚ್ಚತ್ತು ಹೊರಗೆ ಬಂದಾಗ ಜೊತೆಗಾತಿಯೋ ಜೊತೆಗಾರನೋ ಕೊಲೆಯಾಗಿದ್ದಾರೆ, ಕೂಸನ್ನು ಯಾರೋ ಕದ್ದೊಯ್ದಿದ್ದಾರೆ, ಬಿಟ್ಟುಹೋದ ಬಡಾವಣೆ ಹಾಳುಬಿದ್ದಿದೆ. ಆ ಬಡಾವಣೆಯ ಹೆಸರು ಸ್ಯಾಂಕ್ಚುಯರಿ ಹಿಲ್ಸ್. ಆಟಗಾರ ಅಲ್ಲಿನ ಹಳೆಯ ಮನೆಗಳ ಮರಮುಟ್ಟು, ತಗಡು, ಡಬ್ಬಿಗಳನ್ನು ಆಯ್ದು ಹೊಸ ನೆಲೆಯೊಂದನ್ನು ಕಟ್ಟಬಹುದು.

ಇಲ್ಲಿಯೇ ಮೂಲದ ದೊಡ್ಡ ಕೊರತೆಯಿದೆ. ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವವೆಂದು ಹೇಳಿದನಲ್ಲವೆ? ಕೂಸನ್ನು ಕಳೆದುಕೊಂಡ ತಾಯಿ ಅದನ್ನು ಹುಡುಕುವುದನ್ನು ಬಿಟ್ಟು ತಗಡು ಆಯುತ್ತ, ಬೇಲಿ ಹಾಕುತ್ತ ತಿಂಗಳುಗಟ್ಟಲೆ ನಿಂತರೆ ಔಚಿತ್ಯ ಎಲ್ಲಿ ಉಳಿಯಿತು? ಕಥೆ ಒಂದು ದಾರಿ, ಕಟ್ಟುವ ಕೆಲಸ ಇನ್ನೊಂದು ದಾರಿ. ಕಟ್ಟಿದ ಮೇಲಾದರೂ ಏನಿದೆ? ನೆಲೆಗೆ ಬಂದು ಸೇರುವ ಬಹುಮಂದಿಗೆ ಹೆಸರೇ ಇಲ್ಲ. ಎಲ್ಲರೂ ‘ಸೆಟ್ಲರ್’, ಅಂದರೆ ಒಕ್ಕಲು. ಆಹಾರ ಇಷ್ಟು, ನೀರು ಇಷ್ಟು, ಹಾಸಿಗೆ ಇಷ್ಟು ಎಂಬ ಅಂಕಿಗಳಿವೆ. ಕೊರತೆಯಾದರೆ ಅಂಕಿ ಕೆಂಪಾಗುತ್ತದೆ. ನಾನು ಮೊದಲ ಸಲ ಆಡಿದಾಗ ಉದ್ದನೆಯ ಒಂದು ಕೊಟ್ಟಿಗೆ ಕಟ್ಟಿ, ಹನ್ನೆರಡು ಹಾಸಿಗೆಗಳನ್ನು ಸಾಲಾಗಿ ಹಾಸಿದೆ. ಕೆಂಪು ಅಳಿಯಿತು. ಧರ್ಮಛತ್ರವೊಂದನ್ನು ನಡೆಸಿದ ಪುಣ್ಯ ಬಂದಿರಬಹುದು; ಊರಂತೂ ಆಗಲಿಲ್ಲ.

ಈ ಕೊರತೆಯಿರುವ ಕಡೆಯೇ ಪ್ರಕ್ಷೇಪಕಾರ ಕೈಹಾಕಿದ್ದಾನೆ. ಕಿಂಗ್‌ಗಾತ್ ಎಂಬ ಅಂಕಿತದಿಂದ ಪರಿಚಿತನಾದ ಈತ 2017ರಲ್ಲಿ ‘ಸಿಮ್ ಸೆಟ್ಲ್‌ಮೆಂಟ್ಸ್’ ಎಂಬ ಅನುಬಂಧವನ್ನು ಮೂಲ ಆಟಕ್ಕೆ ಜೋಡಿಸಿದ. ಇಂಥ ಅನುಬಂಧಕ್ಕೆ ಆಟಗಾರರು ‘ಮಾಡ್’ ಎನ್ನುತ್ತಾರೆ. 2020ರಲ್ಲಿ ದೊಡ್ಡದೊಂದು ತಂಡವನ್ನು ಕಟ್ಟಿಕೊಂಡು ‘ಸಿಮ್ ಸೆಟ್ಲ್‌ಮೆಂಟ್ಸ್ 2’ನ್ನು ಹೊರತಂದ. ಮೊದಲನೆಯದರಲ್ಲಿ ಇದ್ದುದು ಹೆಚ್ಚಾಗಿ ಕಟ್ಟುವ ತಂತ್ರವೊಂದೇ. ಎರಡನೆಯದಕ್ಕೆ ಮೂರು ಭಾಗಗಳ ಕಥೆಯೂ, ಧ್ವನಿಯುಳ್ಳ ಪಾತ್ರಗಳೂ ಬಂದವು. ಇದೆಲ್ಲ ದೊರೆಯುವುದು ಉಚಿತವಾಗಿ.

ತಂತ್ರದ ಸಾರವನ್ನು ಎರಡು ಮಾತಿನಲ್ಲಿ ಹೇಳಬಹುದು. ಮೂಲದಲ್ಲಿ ಒಂದೊಂದು ಗೋಡೆಯನ್ನೂ ಆಟಗಾರನೇ ನಿಲ್ಲಿಸಬೇಕು. ಅನುಬಂಧದಲ್ಲಿ ಅವನು ನಿವೇಶನವನ್ನು ಗುರುತು ಮಾಡಿ, ಇದು ವಾಸಕ್ಕೆ, ಇದು ಬೇಸಾಯಕ್ಕೆ, ಇದು ಅಂಗಡಿಗೆ, ಇದು ಕಾವಲಿಗೆ ಎಂದು ಹೇಳಿ ಸರಿಯಬಹುದು. ಒಕ್ಕಲು ಬಂದು ಸೇರಿಕೊಳ್ಳುತ್ತದೆ; ಮನೆ ಏಳುತ್ತದೆ. ಮೊದಲು ಹರಕು ತಗಡಿನ ಗುಡಿಸಲು. ಅನ್ನ ನೀರಿಗೆ ಕೊರತೆಯಿಲ್ಲದೆ, ಸಾಮಗ್ರಿ ಒದಗುತ್ತ ಬಂದರೆ ಕೆಲವು ದಿನಗಳಲ್ಲಿ ಅದೇ ಗುಡಿಸಲು ಒಂದು ಅಂತಸ್ತು ಮೇಲೇರುತ್ತದೆ, ಆಮೇಲೆ ಇನ್ನೊಂದು. ಇಂಥದೇ ಮನೆ ಬೇಕೆಂದು ಆಟಗಾರ ಆರಿಸಬಹುದು. ಆರಿಸದಿದ್ದರೆ ಏನು ಏಳುವುದೋ ಅವನಿಗೆ ಮುಂಚೆ ತಿಳಿಯದು. ಹೊರಗೆಲ್ಲೋ ಅಲೆದು ನಾಲ್ಕು ದಿನದ ಮೇಲೆ ಹಿಂತಿರುಗಿದಾಗ ನಾನು ಕಾಣದ ಒಂದು ಜಗಲಿ, ನಾನು ಇಡದ ಒಂದು ಕುರ್ಚಿ, ಯಾರೋ ಹಾಕಿದ ಹಗ್ಗದ ಮೇಲೆ ಒಣಗುವ ಬಟ್ಟೆ ಕಣ್ಣಿಗೆ ಬಿದ್ದವು. ಕೊಟ್ಟಿಗೆ ಕಟ್ಟಿ ಹಾಸಿಗೆ ಎಣಿಸಿದಾಗ ಆಗದ ಸಂತೋಷ ಆಗ ಆಯಿತು.

ಕಾರಣವನ್ನು ಹುಡುಕಹೊರಟರೆ ನನ್ನ ಬಾಲ್ಯಕ್ಕೆ ಹೋಗಬೇಕಾಗುತ್ತದೆ. ನಮ್ಮದು ಮುಳುಗಡೆಯಾದ ಊರಿನಿಂದ ಎದ್ದುಬಂದ ಮನೆತನ. ಹೊಸ ಊರಿನಲ್ಲಿ ಅಗಲವಾದ ರಸ್ತೆಗಳಿದ್ದವು, ನಿವೇಶನಗಳಿಗೆ ಸಂಖ್ಯೆಗಳಿದ್ದವು, ನಲ್ಲಿಯಲ್ಲಿ ನೀರಿತ್ತು. ಯಾವುದಕ್ಕೂ ಕೊರತೆಯೆನ್ನುವಂತಿರಲಿಲ್ಲ. ಅಜ್ಜಿಗೆ ಮಾತ್ರ ನೆಲೆ ನಿಲ್ಲಲಿಲ್ಲ. “ಇಲ್ಲಿ ಕಟ್ಟಿನ ಇಲ್ಲಲ್ಲೋ ತಮ್ಮಾ, ಯಾರ ಕೂಡ ಮಾತಾಡ್ಲಿ?” ಎಂದು ದಿನಕ್ಕೊಮ್ಮೆ ಅನ್ನುತ್ತಿದ್ದಳು. ಎರಡು ವರ್ಷ ಕಳೆದ ಮೇಲೆ ಒಂದು ಬೇಸಗೆ ತಾನೇ ಕಲ್ಲು ಹೊರಿಸಿ ಬಾಗಿಲ ಬದಿಗೆ ಕಟ್ಟೆ ಕಟ್ಟಿಸಿದಳು. ಅಳತೆ ತಪ್ಪಿ ಅದು ಚರಂಡಿಯ ಮೇಲೆ ಒಂದು ಗೇಣು ಚಾಚಿಕೊಂಡಿತ್ತು. ಆ ಸಂಜೆಯಿಂದಲೇ ಎದುರುಮನೆಯವರು ಬಂದು ಕೂರತೊಡಗಿದರು. ನಕ್ಷೆ ಹಾಕಿದವರ ಮೇಲೆ ನನಗೆ ದೂರಿಲ್ಲ. ನಕ್ಷೆಯಿಲ್ಲದೆ ನೀರೂ ರಸ್ತೆಯೂ ಬರುತ್ತಿರಲಿಲ್ಲ. ಆದರೆ ನಕ್ಷೆಯ ಕೆಲಸ ಮುಗಿದ ಮೇಲೆ ಒಕ್ಕಲಿನ ಕೈಗೆ ಏನಾದರೂ ಉಳಿದಿರಬೇಕು. ಮೂಲ ಆಟದಲ್ಲಿ ಅಂಥದು ಏನೂ ಉಳಿದಿರಲಿಲ್ಲ, ಅನುಬಂಧದಲ್ಲಿ ಉಳಿದಿದೆ.

ಒಕ್ಕಲು ತಾನೇ ಕಟ್ಟುವುದೆಂಬುದು ಭ್ರಮೆಯಲ್ಲವೆ, ಯಂತ್ರ ಮೊದಲೇ ಸಿದ್ಧವಾಗಿರುವ ಮನೆಯೊಂದನ್ನು ಎತ್ತಿ ನಿಲ್ಲಿಸುತ್ತದೆಯಷ್ಟೆ, ಎಂದು ಕೇಳಬಹುದು. ನಿಜ. ನಾಟಕದ ರಾಜನೂ ನಿಜವಾದ ರಾಜನಲ್ಲ. ಆದರೆ ಇಲ್ಲಿ ಇನ್ನೊಂದು ವಿಶೇಷವಿದೆ. ಆ ಸಿದ್ಧ ಮನೆಗಳನ್ನೆಲ್ಲ ರಚಿಸಿದವನು ಒಬ್ಬನಲ್ಲ. ಎಲ್ಲೆಲ್ಲಿಯೋ ಇರುವ ಹವ್ಯಾಸಿಗಳು ತಂತಮ್ಮ ಬಿಡುವಿನಲ್ಲಿ ಒಂದೊಂದು ಮನೆಯನ್ನು, ಅಂಗಡಿಯನ್ನು, ಕೆಲವರು ಇಡೀ ಊರಿನ ನಕ್ಷೆಯನ್ನೇ ರಚಿಸಿ ಸೇರಿಸಿದ್ದಾರೆ. ಒಬ್ಬನಿಗೆ ಗಿಡದ ಕುಂಡಗಳ ಮೋಹ, ಇನ್ನೊಬ್ಬನಿಗೆ ಕಂಡಲ್ಲೆಲ್ಲ ಪುಸ್ತಕ ಜೋಡಿಸುವ ಚಟ, ಮತ್ತೊಬ್ಬನ ಗೋಡೆ ಯಾವಾಗಲೂ ಸ್ವಲ್ಪ ವಾಲಿಕೊಂಡೇ ಇರುತ್ತದೆ. ಒಂದು ಬೀದಿಯಲ್ಲಿ ಇವು ಅಕ್ಕಪಕ್ಕ ನಿಂತಾಗ ಬೀದಿ ನಿಜವಾಗಿ ಹಲವರ ಕೈಯಿಂದಾದುದು ಎಂದು ತೋರುತ್ತದೆ. ತೋರುವುದಕ್ಕೆ ಕಾರಣ, ಅದು ಹಾಗೆಯೇ ಆದುದು. ವಸ್ತುವೂ ರಚನೆಯ ರೀತಿಯೂ ಹೀಗೆ ಒಂದಾಗುವುದು ಹಣ ತೆತ್ತು ಕೊಳ್ಳುವ ದೊಡ್ಡ ಆಟಗಳಲ್ಲಿಯೂ ಅಪರೂಪ.

ಇನ್ನು ಕಥೆಯ ಮಾತು. ಆರಂಭದಲ್ಲಿ ಜೇಕ್ ಇವಾನ್ಸ್ ಎಂಬ ತರುಣನ ಪರಿಚಯವಾಗುತ್ತದೆ. ‘ಆಸ್ಯಾಮ್’ ಎಂಬ ಯಂತ್ರಸಾಧನದ ನೆರವಿನಿಂದ ಹಾಳು ನೆಲದಲ್ಲಿ ಊರುಗಳನ್ನು ಎಬ್ಬಿಸಬಹುದೆಂಬ ನಂಬಿಕೆ ಅವನದು. ಒಳ್ಳೆಯ ಹುಡುಗ; ಮಾತು ಸ್ವಲ್ಪ ಹೆಚ್ಚು. ತನ್ನ ಯಂತ್ರವನ್ನು ವಿವರಿಸಲು ನಿಂತನೆಂದರೆ ಕೇಳುವವನು ಕಂಬಕ್ಕೆ ಒರಗಬೇಕು. ಆದರೆ ಅವನ ಉತ್ಸಾಹ ನಾಟಕದ್ದಲ್ಲ. ಕೂಸಿನ ಶೋಕದಲ್ಲಿರುವ ನಾಯಿಕೆಗೆ ಕಟ್ಟುವ ಕೆಲಸದಲ್ಲಿ ತೊಡಗಲು ಮೂಲದಲ್ಲಿ ಕಾರಣವಿರಲಿಲ್ಲವೆಂದೆನಲ್ಲ, ಇಲ್ಲಿ ಆ ಕಾರಣ ಜೇಕನ ರೂಪದಲ್ಲಿ ಬರುತ್ತದೆ: ತನ್ನ ಸಂಕಟದಿಂದ ಹೊರಗೆ ಎಳೆಯುವ ಒಬ್ಬ ಗೆಳೆಯ. ಔಚಿತ್ಯ ಪೂರ್ತಿ ಕೂಡಿಬರುವುದಿಲ್ಲ, ಅರ್ಧದಷ್ಟಾದರೂ ಕೂಡುತ್ತದೆ.

ಗನ್ನರ್ಸ್ ಎಂಬ ಬಾಡಿಗೆ ಸೈನಿಕರನ್ನು ಕಥೆಯೊಳಕ್ಕೆ ತಂದುದು ಇದಕ್ಕಿಂತ ದೊಡ್ಡ ಗುಣ. ಮೂಲದಲ್ಲಿ ಅವರು ಕ್ವಿನ್ಸಿ ಎಂಬ ಊರನ್ನು ನಾಶಮಾಡಿದ್ದಾರೆ. ಸ್ಯಾಂಕ್ಚುಯರಿಗೆ ಮೊದಲು ಬಂದು ಸೇರುವ ನಾಲ್ಕೈದು ಜನ ಅಲ್ಲಿಂದಲೇ ಓಡಿಬಂದವರು. ಅವರಲ್ಲಿ ಮಾರ್ಸಿ ಮತ್ತು ಜುನ್ ಲಾಂಗ್ ದಂಪತಿಗಳು ಮಗನನ್ನು ಕಳೆದುಕೊಂಡಿದ್ದಾರೆ. ಗಂಡ ಮಾತಿಲ್ಲದೆ ಕುಗ್ಗಿದ್ದಾನೆ. ಹೆಂಡತಿ ಎದುರಿಗೆ ಸಿಕ್ಕವರ ಮೇಲೆಲ್ಲ ಸಿಡಿಯುತ್ತಾಳೆ. ಇಷ್ಟು ಹೇಳಿ ಮೂಲವು ಸುಮ್ಮನಾಗುತ್ತದೆ. ಗನ್ನರ್ಸ್ ಆಮೇಲೆ ಗುಂಡಿಗೆ ಎದೆಯೊಡ್ಡುವ ಹೆಸರಿಲ್ಲದ ಶತ್ರುಗಳಾಗಿಬಿಡುತ್ತಾರೆ. ಪ್ರಕ್ಷೇಪಕಾರನಿಗೆ ಈ ಮೌನ ಕಂಡಿದೆ. ಊರು ಕಟ್ಟುವ ಕಥೆಗೆ ಊರು ಸುಡುವವರೇ ಪ್ರತಿನಾಯಕರಾಗಬೇಕೆಂದು ಅವನು ಆರಿಸಿಕೊಂಡುದು ಸರಿಯಾಗಿದೆ. ಮುಂದಿನ ತಿರುವುಗಳನ್ನು ಬಿಚ್ಚಿ ಹೇಳಿ ಆಡುವವರ ಕುತೂಹಲವನ್ನು ಕೆಡಿಸುವುದಿಲ್ಲ. ನಾನು ಮಾರ್ಸಿಗೆ ಮೊದಲ ನಿವೇಶನವನ್ನು ಹೊಳೆಯ ಕಡೆಗೆ ಮುಖಮಾಡಿ ಕೊಟ್ಟೆ. ಅವಳು ಸಿಡಿಯುವುದನ್ನು ಬಿಡಲಿಲ್ಲ. ಬಿಡದಿದ್ದುದೇ ಮೇಲಾಯಿತು, ಮನೆಯೊಂದು ಎದ್ದ ಮಾತ್ರಕ್ಕೆ ಮಗನ ದುಃಖ ತೀರಿತೆಂದಿದ್ದರೆ ನಾನು ಆಟವನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆ.

ದೋಷಗಳನ್ನೂ ಹೇಳಬೇಕು. ಎರಡನೆಯ ಭಾಗದಲ್ಲಿ ಗನ್ನರ್ಸ್ ಪ್ಲಾಜಾ ಎಂಬ ದೊಡ್ಡ ಕಟ್ಟಡ ನಮ್ಮ ಕೈಸೇರಿ ಕೇಂದ್ರ ಕಚೇರಿಯಾಗುತ್ತದೆ. ಅಲ್ಲಿ ಕೊಠಡಿ ತೆರವು ಮಾಡಿಸುವುದು, ಇಲಾಖೆಗಳನ್ನು ತೆರೆಯುವುದು, ಯಾರು ಯಾವ ಇಲಾಖೆಗೆ ಎಂದು ನೇಮಿಸುವುದು ಇವೇ ಮೊದಲಾದ ಕೆಲಸಗಳು. ರಚನೆಯ ಚಾತುರ್ಯ ಮೆಚ್ಚತಕ್ಕದ್ದೇ. ಆದರೆ ಮೊದಲ ಭಾಗದಲ್ಲಿ ನೆರೆಯವನಾಗಿದ್ದ ಆಟಗಾರ ಇಲ್ಲಿ ಅಧಿಕಾರಿಯಾಗಿದ್ದಾನೆ. ಬೀದಿಯಲ್ಲಿ ನಡೆದು ಒಣಗುವ ಬಟ್ಟೆ ನೋಡುತ್ತಿದ್ದವನು ಮೇಜಿನ ಹಿಂದೆ ಕುಳಿತು ಪಟ್ಟಿ ನೋಡುತ್ತಾನೆ. ಅಂಕಿಗಳು ಮತ್ತೆ ಬಂದವು. ಈ ಸಲ ಇನ್ನೂ ಹೆಚ್ಚಾಗಿ. ಒಕ್ಕಲು ತನ್ನ ಊರನ್ನು ತಾನೇ ಕಟ್ಟಿಕೊಳ್ಳಲಿ ಎಂಬ ತತ್ತ್ವದಿಂದ ಹೊರಟ ಕೃತಿ, ಎಲ್ಲ ಊರುಗಳನ್ನೂ ಒಂದು ಕಚೇರಿಯಿಂದ ನಡೆಸುವ ಕಡೆಗೆ ಬಂದು ನಿಲ್ಲುತ್ತದೆ. ಇದನ್ನು ಕಥೆಯೇ ಒಂದು ದುರಂತವೆಂದು ಕಂಡು ಚಿತ್ರಿಸಿದ್ದರೆ ಅದರ ಎತ್ತರವೇ ಬೇರೆಯಾಗುತ್ತಿತ್ತು. ಅದು ಮಾತ್ರ ಇದನ್ನು ಏಳಿಗೆಯೆಂದೇ ತಿಳಿದಂತಿದೆ.

ಇನ್ನೊಂದು, ಊರಿನ ನಕ್ಷೆಗಳ ಸೌಲಭ್ಯ. ಮುಖಂಡನೊಬ್ಬನನ್ನು ನೇಮಿಸಿ ನಕ್ಷೆಯನ್ನು ಒಪ್ಪಿಸಿಬಿಟ್ಟರೆ ಇಡೀ ಊರು ತಾನಾಗಿಯೇ ಏಳುತ್ತದೆ. ಅವಸರದವರಿಗೆ ಅನುಕೂಲ. ನಾನು ಒಂದು ಊರನ್ನು ಹಾಗೆ ಎಬ್ಬಿಸಿ ನೋಡಿದೆ. ಚೆಲುವಾಗಿತ್ತು, ನನ್ನ ಕೈಯಿಂದ ಆಗುವುದಕ್ಕಿಂತ ಬಹಳ ಚೆಲುವಾಗಿತ್ತು. ಆದರೆ ಅಲ್ಲಿಗೆ ಮತ್ತೆ ಹೋಗಬೇಕೆನಿಸಲಿಲ್ಲ. ಆಟಗಾರನೇ ಎಲ್ಲವನ್ನೂ ಮಾಡುವುದು ಒಂದು ತುದಿ, ಏನನ್ನೂ ಮಾಡದಿರುವುದು ಇನ್ನೊಂದು ತುದಿ. ಒಳ್ಳೆಯ ಆಟವಿರುವುದು ಇವೆರಡರ ನಡುವೆ: ನಿವೇಶನ ಗುರುತಿಸಿ, ಸಾಮಗ್ರಿ ಒದಗಿಸಿ, ಕಾಯುವುದರಲ್ಲಿ. ಸಂಭಾಷಣೆಗಳು ಅಲ್ಲಲ್ಲಿ ಉದ್ದವಾದುವೆಂಬುದೂ, ಆಸ್ಯಾಮ್ ನೆಡಲು ಊರಿಂದೂರಿಗೆ ಅಲೆಸುವುದು ಬೇಸರವೆಂಬುದೂ ಇವುಗಳ ಮುಂದೆ ಸಣ್ಣ ಮಾತು.

ಮೊತ್ತದಲ್ಲಿ ಹೇಳುವುದಾದರೆ, ಮೂಲಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಕೇಳಿದ ಪ್ರಕ್ಷೇಪ ಇದು. ಊರನ್ನು ಹೇಗೆ ಕಟ್ಟಬೇಕೆಂದು ಮೂಲ ಕೇಳಿತು. ಊರು ಯಾರ ಕೈಯಿಂದ ಆಗಬೇಕೆಂದು ಅನುಬಂಧ ಕೇಳಿದೆ. ಉತ್ತರವನ್ನು ಮೊದಲ ಭಾಗದಲ್ಲಿ ಹಿಡಿದು, ಎರಡನೆಯ ಭಾಗದಲ್ಲಿ ಕೈಜಾರಿಸಿಕೊಂಡಿದೆ. ಆಡುವವರಿಗೆ ನನ್ನ ಸಲಹೆ ಇಷ್ಟೇ: ಕಚೇರಿಯನ್ನು ಬೇಕಾದರೆ ತಡವಾಗಿ ತೆರೆಯಿರಿ, ನಕ್ಷೆಗಳನ್ನು ದೂರವಿಡಿ, ಮನೆಯ ಆಯ್ಕೆಯನ್ನು ಒಕ್ಕಲಿಗೇ ಬಿಡಿ.

ನನ್ನ ಸ್ಯಾಂಕ್ಚುಯರಿಯಲ್ಲಿ ಈಗ ಹದಿನಾಲ್ಕು ಮನೆಗಳಿವೆ. ಒಂದು ಮನೆಯ ಜಗಲಿ ಬೀದಿಯೊಳಕ್ಕೆ ಅರ್ಧ ಮಾರು ಚಾಚಿಕೊಂಡಿದೆ. ನಿವೇಶನವನ್ನು ಗುರುತಿಸುವಾಗ ನನ್ನ ಅಳತೆ ತಪ್ಪಿತ್ತು. ಸರಿಪಡಿಸಬೇಕೆಂದು ಎರಡು ಸಲ ಹೋಗಿ, ಅಲ್ಲಿ ಯಾರೋ ಕುಳಿತಿದ್ದುದನ್ನು ಕಂಡು ಹಾಗೆಯೇ ಬಿಟ್ಟು ಬಂದಿದ್ದೇನೆ.