ಮಾಗಿಯ ಪ್ರಣಯ: ಕನ್ನಡ ಕಾದಂಬರಿಯಲ್ಲಿ ಬಿಟ್ಟುಹೋದ ಒಂದು ಋತು

ಕನ್ನಡದ ಜನಪ್ರಿಯ ಪ್ರಣಯ ಕಾದಂಬರಿಗಳನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಅವುಗಳ ವಸ್ತು, ಸ್ತ್ರೀಪಾತ್ರ, ಓದುಗವರ್ಗ ಇವುಗಳ ಸುತ್ತಲೇ ನಡೆದಿದೆ. ಅವುಗಳಲ್ಲಿ ಪ್ರೀತಿ ಯಾವ ಋತುವಿನಲ್ಲಿ ಮೊಳೆಯುತ್ತದೆ ಎಂದು ನಾವು ಕೇಳಿದ್ದು ಕಡಿಮೆ. ಋತುವರ್ಣನೆಯನ್ನು ಮಹಾಕಾವ್ಯದ ಹದಿನೆಂಟು ಅಂಗಗಳಲ್ಲಿ ಒಂದೆಂದು ಎಣಿಸಿದ ಪರಂಪರೆಯ ವಾರಸುದಾರರು ಕೇಳಲೇಬೇಕಾದ ಪ್ರಶ್ನೆ ಇದು. ಕೇಳಿದರೆ ಉತ್ತರ ಬೇಗ ಸಿಗುತ್ತದೆ: ಮಳೆಗಾಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಗುತ್ತಿ ತಿಮ್ಮಿಯನ್ನು ಕರೆದುಕೊಂಡು ಹೋಗುವ ದಾರಿಯೂ ತುಂಬಿ ಹರಿಯುವ ತುಂಗೆಯನ್ನೇ ಮುಟ್ಟುತ್ತದೆ. ನಮ್ಮ ಕಾಲದ ಹರೆಯದವರನ್ನು ಹುಚ್ಚು ಹಿಡಿಸಿದ ‘ಮುಂಗಾರು ಮಳೆ’ ಚಿತ್ರದ ಹೆಸರೇ ಅದರ ಋತುವನ್ನು ಹೇಳುತ್ತದೆ. ಆ ಚಿತ್ರ ತೆರೆಕಂಡದ್ದು 2006ರ ಡಿಸೆಂಬರ್ 29ರಂದು, ಧನುರ್ಮಾಸದ ನಡುವೆ. ಹೊರಗೆ ಮಾಗಿಯ ಚಳಿ, ತೆರೆಯ ಮೇಲೆ ಆಷಾಢದ ಮಳೆ. ಇದು ವಿಚಿತ್ರವೆಂದು ಯಾರಿಗೂ ಅನ್ನಿಸಲಿಲ್ಲ.

ಈ ಪ್ರಶ್ನೆ ನನಗೆ ಎದುರಾದದ್ದು ಕಾಮಠಿಯಲ್ಲಿ. ನಾಗಪುರದಿಂದ ರಾಮಟೇಕದ ಕಡೆಗೆ ಹೋಗುವ ಹಾದಿಯಲ್ಲಿ, ಕನ್ಹಾನ್ ನದಿಯ ದಂಡೆಯ ಮೇಲಿರುವ ಈ ಊರು 1821ರಲ್ಲಿ ಬ್ರಿಟಿಷರ ದಂಡುಪ್ರದೇಶವಾಗಿ ಬೆಳೆಯತೊಡಗಿತು. ಮದರಾಸು ಸೇನೆಯ ದಳಗಳು ಅಲ್ಲಿ ಬಹುಕಾಲ ಬೀಡುಬಿಟ್ಟಿದ್ದವು. ಇಂದಿಗೂ ಅದು ಸೈನ್ಯದ ಊರೇ. ವಿದರ್ಭದ ಬೇಸಿಗೆಯ ಕುಖ್ಯಾತಿಯಲ್ಲಿ ಅದರ ಚಳಿ ಮರೆತುಹೋಗುತ್ತದೆ. 2018ರ ಡಿಸೆಂಬರ್ ಕೊನೆಯಲ್ಲಿ ನಾಗಪುರದ ಉಷ್ಣಾಂಶ 3.5 ಡಿಗ್ರಿಗೆ ಇಳಿದಿತ್ತು. ಅಂಥದೊಂದು ಚಳಿಗಾಲದಲ್ಲಿ, ನಾನು ಉಳಿದುಕೊಂಡಿದ್ದ ಕನ್ನಡ ಮನೆಯ ಹದಿನಾರರ ಹುಡುಗಿ ಕಂಬಳಿ ಹೊದ್ದು ‘ಲೆಟ್ ಇಟ್ ಸ್ನೋ’ ಎಂಬ ಇಂಗ್ಲಿಷ್ ಪುಸ್ತಕವನ್ನು ಓದುತ್ತಿದ್ದಳು. ಓದುತ್ತ ಓದುತ್ತ ನಗುತ್ತಿದ್ದಳು. ಕನ್ನಡದಲ್ಲಿ ಇಂಥದು ಇದೆಯೇ ಎಂದು ಕೇಳಿದಳು. ನಾನು ಪ್ರಾಧ್ಯಾಪಕನ ಗತ್ತಿನಿಂದ ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ತರಿಸಿಕೊಟ್ಟೆ. ನಾಲ್ಕು ದಿನಗಳ ನಂತರ ಅದನ್ನು ಹಿಂದಿರುಗಿಸಿದಳು. ‘ಚೆನ್ನಾಗಿದೆ. ಆದರೆ ಇದು ದೊಡ್ಡವರದು’ ಎಂದಳು.

ಆಕೆ ಹೇಳಿದ್ದು ಸರಿ. ‘ಬೆಳ್ಳಿಮೋಡ’ದ ಇಂದಿರೆ ವಯಸ್ಸಿನಿಂದ ತರುಣಿ. ತಂದೆಗೆ ಗಂಡುಮಗು ಹುಟ್ಟಿ ಆಸ್ತಿಗೆ ಬೇರೆ ವಾರಸುದಾರ ಬಂದೊಡನೆ ಆಕೆಯ ನಿಶ್ಚಿತ ವರನ ಮನಸ್ಸು ಬದಲಾಗುತ್ತದೆ. ಆ ಗಳಿಗೆಯಿಂದ ಆಕೆ ಪ್ರೌಢೆ. ತ್ರಿವೇಣಿ (1928–1963) ಅವರ ಶಕ್ತಿಯೇ ಇದು: ಪ್ರೀತಿಯ ಹಿಂದಿನ ಲೆಕ್ಕಪತ್ರವನ್ನು ಕರುಣೆಯಿಲ್ಲದೆ ತೆರೆದು ತೋರಿಸುವುದು. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಚಿತ್ರ ಮಾಡಿದಾಗ ಆ ಗಾಂಭೀರ್ಯ ಇನ್ನಷ್ಟು ಗಟ್ಟಿಯಾಯಿತು. ಸಾಹಿತ್ಯದ ದೃಷ್ಟಿಯಿಂದ ಇದು ಗುಣವೇ. ಹದಿನಾರರ ಓದುಗಳ ದೃಷ್ಟಿಯಿಂದ ಇದು ಮುಂದೆ ಬರಲಿರುವ ಕಷ್ಟದ ಮುನ್ಸೂಚನೆ. ವಾರಪತ್ರಿಕೆಗಳ ಧಾರಾವಾಹಿಗಳೂ ಬಾಡಿಗೆ ಪುಸ್ತಕದಂಗಡಿಗಳೂ ಬೆಳೆಸಿದ ನಂತರದ ಕಾದಂಬರಿಗಳಲ್ಲಿ ಗಾಂಭೀರ್ಯ ಸಡಿಲವಾಯಿತಾದರೂ ಹೊಣೆ ಸಡಿಲವಾಗಲಿಲ್ಲ. ನಾಯಕಿ ಮೊದಲ ನೋಟದಿಂದಲೇ ಸೊಸೆಯಾಗುವ ಅಭ್ಯಾಸಕ್ಕೆ ತೊಡಗುತ್ತಾಳೆ.

ಇಂಗ್ಲಿಷಿನ ಆ ಪುಸ್ತಕಗಳು ಮಾಡುವುದೇನು? 2008ರಲ್ಲಿ ಬಂದ ‘ಲೆಟ್ ಇಟ್ ಸ್ನೋ’ ಮೂವರು ಲೇಖಕರು ಹೆಣೆದ ಮೂರು ಕಥೆಗಳ ಮಾಲೆ. ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಹಿಮ ಬಿದ್ದು ರೈಲು ನಿಲ್ಲುತ್ತದೆ. ಹತ್ತಿರದ ಸಣ್ಣ ಊರಿನಲ್ಲಿ ಅಪರಿಚಿತ ಹುಡುಗ ಹುಡುಗಿಯರು ಒಟ್ಟಾಗುತ್ತಾರೆ. 2010ರ ‘ಡ್ಯಾಶ್ ಅಂಡ್ ಲಿಲೀಸ್ ಬುಕ್ ಆಫ್ ಡೇರ್ಸ್’ ಕಾದಂಬರಿಯಲ್ಲಿ ನ್ಯೂಯಾರ್ಕಿನ ಪುಸ್ತಕದಂಗಡಿಯೊಂದರಲ್ಲಿ ಹುಡುಗಿಯೊಬ್ಬಳ ಕೆಂಪು ಟಿಪ್ಪಣಿ ಪುಸ್ತಕ ಒಬ್ಬ ಹುಡುಗನಿಗೆ ಸಿಗುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಸವಾಲು ಬರೆಯುತ್ತ ಊರೆಲ್ಲ ಅಲೆಯುತ್ತಾರೆ. ಇವು ಮಹತ್ಕೃತಿಗಳೇನಲ್ಲ. ಸಕ್ಕರೆ ಹೆಚ್ಚು, ಚಾತುರ್ಯ ಕೆಲವೊಮ್ಮೆ ಬೇಸರ ತರುವಷ್ಟು. ಆದರೆ ಇವುಗಳಲ್ಲಿ ಒಂದು ಕೆಲಸ ಬಹಳ ಚೆನ್ನಾಗಿ ನಡೆದಿದೆ: ಯಾರೂ ಬದುಕನ್ನು ತೀರ್ಮಾನಿಸಬೇಕಾಗಿಲ್ಲ. ರಜೆ ಮುಗಿಯುವ ಮುನ್ನ ಕಥೆ ಮುಗಿಯುತ್ತದೆ. ಚಳಿ ಇಲ್ಲಿ ಆಲಂಕಾರಿಕರು ಹೇಳುವ ಉದ್ದೀಪನ ವಿಭಾವವಲ್ಲ. ಅದು ಬಿಡುವು, ದಾರಿಯನ್ನು ಮುಚ್ಚಿ ಕಾಲವನ್ನು ನಿಲ್ಲಿಸುವ ಉಪಾಯ. ಹಿಮ ಕರಗಿದ ಮೇಲೆ ಏನಾಗುತ್ತದೆಂದು ಕೇಳುವವರಿಲ್ಲ.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಆದ್ದರಿಂದ ಇಂಥ ಕಾದಂಬರಿಯೂ ಇಲ್ಲ ಎಂಬ ಸುಲಭ ಸಮಾಧಾನವನ್ನು ನಾನು ಒಪ್ಪಲಾರೆ. ಹಿಮ ಬೇಕಾದಾಗ ನಮ್ಮ ಕವಿಗಳು ಅದರ ನೆಲೆಗೇ ಹೋಗಿದ್ದಾರೆ. ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯಲ್ಲಿ ಮಹಾಶ್ವೇತೆ ಪುಂಡರೀಕನನ್ನು ಕಾಣುವುದು ಕೈಲಾಸದ ತಪ್ಪಲಿನ ಅಚ್ಛೋದ ಸರೋವರದ ಬಳಿಯಲ್ಲಿ. ಬಾಣನ ಆ ಕಥೆಯ ಹೆಸರೇ ಕನ್ನಡದಲ್ಲಿಯೂ, ಕಾಮಠಿಯವರ ಮರಾಠಿಯಲ್ಲಿಯೂ ಇಡೀ ಸಾಹಿತ್ಯಪ್ರಕಾರದ ಹೆಸರಾಯಿತು ಎಂಬುದನ್ನು ಇಲ್ಲಿ ನೆನೆಯಬಹುದು. ಅಂದರೆ ನಮ್ಮ ‘ಕಾದಂಬರಿ’ ಎಂಬ ಮಾತು ಹುಟ್ಟಿದ್ದೇ ಹಿಮಾಲಯದ ಬುಡದ ಹರೆಯದ ಪ್ರೇಮದಲ್ಲಿ. ಆದರೂ ಅಲ್ಲಿನ ಋತು ವಸಂತ. ಹಿಮವಿದೆ, ಚಳಿಯಿಲ್ಲ. ವಸಂತದಲ್ಲಿ ಹುಟ್ಟಿದ ಆ ಪ್ರೀತಿ ಬೆಳದಿಂಗಳಿನಲ್ಲಿ ಪುಂಡರೀಕನ ಸಾವನ್ನೂ ಜನ್ಮಾಂತರವನ್ನೂ ತರುತ್ತದೆ. ತಮಾಷೆಗೆ ಎಡೆ ಎಲ್ಲಿದೆ!

ಹಾಗಿದ್ದರೆ ಹೇಮಂತ ಶಿಶಿರಗಳನ್ನು ನಮ್ಮ ಕಾವ್ಯಮೀಮಾಂಸೆ ಯಾರಿಗೆ ಕೊಟ್ಟಿತು? ಕಾಳಿದಾಸನದೆಂದು ಹೇಳಲಾಗುವ ‘ಋತುಸಂಹಾರ’ವನ್ನು ನೋಡಿದರೆ ಅನುಮಾನ ಉಳಿಯುವುದಿಲ್ಲ. ಅಲ್ಲಿನ ಚಳಿಗಾಲ ಮುಚ್ಚಿದ ಕಿಟಕಿಗಳ, ಅಗ್ಗಿಷ್ಟಿಕೆಯ, ದಪ್ಪ ಹೊದಿಕೆಗಳ ಕಾಲ. ರಾತ್ರಿಯ ಗುರುತುಗಳನ್ನು ಬೆಳಗಿನ ಬಿಸಿಲಿನಲ್ಲಿ ಕನ್ನಡಿ ಹಿಡಿದು ನೋಡಿಕೊಳ್ಳುವ ಪ್ರೌಢೆಯರ ಕಾಲ. ಕಾಮಠಿಯಿಂದ ರಾಮಟೇಕ ದೂರವಿಲ್ಲ. ‘ಮೇಘದೂತ’ದ ರಾಮಗಿರಿ ಅದೇ ಎಂದು ನಾಗಪುರದ ವಿದ್ವಾಂಸ ವಾ. ವಿ. ಮಿರಾಶಿಯವರು ಪ್ರತಿಪಾದಿಸಿದರು, ಛತ್ತೀಸಗಡದ ರಾಮಗಡವೆನ್ನುವವರೂ ಇದ್ದಾರೆ. ಎಲ್ಲಿದ್ದರೂ ಕಾವ್ಯದ ಕಾಲಗಣನೆ ಒಂದೇ. ಯಕ್ಷನ ವಿರಹ ಆಷಾಢದಲ್ಲಿ ನುಡಿಯುತ್ತದೆ. ಶಾಪ ತೀರುವುದು ವಿಷ್ಣು ಶೇಷಶಯನದಿಂದ ಏಳುವ ಕಾರ್ತಿಕದಲ್ಲಿ. ಆಮೇಲೆ ಶರತ್ಕಾಲದ ಇರುಳುಗಳಲ್ಲಿ ಸಮಾಗಮ ಎಂದು ಆತ ಹೆಂಡತಿಗೆ ಭರವಸೆ ಹೇಳಿಕಳಿಸುತ್ತಾನೆ. ಕಾವ್ಯ ಅಲ್ಲಿಯವರೆಗೆ ಬರುವುದೇ ಇಲ್ಲ. ಮಳೆ ವಿರಹಕ್ಕೆ, ಕಥೆಗೆ. ಅದರ ನಂತರದ ತಂಪು ದಾಂಪತ್ಯಕ್ಕೆ, ಮೌನಕ್ಕೆ.

ಈ ಹಂಚಿಕೆಯನ್ನು ಲಕ್ಷಣಗ್ರಂಥಗಳೂ ಬಲಪಡಿಸಿವೆ. ದಂಡಿ ಕೊಡುವ ಹದಿನೆಂಟು ವರ್ಣನೆಗಳ ಪಟ್ಟಿಯಲ್ಲಿ ವಿಪ್ರಲಂಭ, ವಿವಾಹ, ಕುಮಾರೋದಯ ಒಂದರ ಹಿಂದೆ ಒಂದು ಬರುತ್ತವೆ. ಅಗಲಿಕೆ, ಮದುವೆ, ಗಂಡುಮಗು. ‘ಕವಿರಾಜಮಾರ್ಗ’ದ ಮೂಲಕ ಕನ್ನಡಕ್ಕೆ ಬಂದ ದಂಡಿಯ ಪರಂಪರೆ ನಮ್ಮ ಬಾಡಿಗೆ ಪುಸ್ತಕದಂಗಡಿಯವರೆಗೂ ನಡೆದುಬಂದಿದೆ ಎಂದರೆ ಅತಿಶಯೋಕ್ತಿಯಾಗದು. ಕನ್ನಡಿಗರು ಅತ್ಯಂತ ಪ್ರೀತಿಸಿದ ಪ್ರೇಮಕವಿತೆಗಳು, 1942ರ ‘ಮೈಸೂರು ಮಲ್ಲಿಗೆ’ಯವು, ಗಂಡಹೆಂಡಿರವೇ ಅಲ್ಲವೆ? ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆಂದು ಭರತ ಹೇಳಿದ್ದರೂ ಆ ಹಾಸ್ಯವನ್ನು ಸಹ ನಾವು ಮದುವೆಯಾದವರಿಗೇ ಮೀಸಲಿಟ್ಟೆವು; ಟಿ. ಸುನಂದಮ್ಮನವರ ಸರಸು ನಗಿಸುವುದು ಸಂಸಾರದ ಒಳಗಿನಿಂದ. ಜೊತೆಗೆ ಪಂಚಾಂಗವೂ ಇದೆ. ಧನುರ್ಮಾಸ ಶೂನ್ಯಮಾಸ, ಮಕರ ಸಂಕ್ರಾಂತಿಯವರೆಗೆ ಮದುವೆಯ ಮುಹೂರ್ತವಿಲ್ಲ. ಮದುವೆಯಲ್ಲಿ ಮುಗಿಯಲೇಬೇಕಾದ ಪ್ರಕಾರಕ್ಕೆ ಮದುವೆಯಿಲ್ಲದ ತಿಂಗಳಿಂದ ಏನು ಪ್ರಯೋಜನ! ಕನ್ನಡದ ‘ಮಾಗಿ’ ಮಾಘದಿಂದ ಬಂದದ್ದು. ಆದರೂ ಕಿವಿಗೆ ಅದು ಹಣ್ಣಾದದ್ದರ ಹೆಸರಿನಂತೆ ಕೇಳುತ್ತದೆ. ಕಾಯಿಗೆ ಅಲ್ಲಿ ಜಾಗವಿಲ್ಲ.

ಹರೆಯದವರಿಗೆ ಕನ್ನಡ ಕೊಟ್ಟದ್ದೇನೆಂಬುದನ್ನು ಒಬ್ಬ ಲೇಖಕಿಯ ಪುಸ್ತಕಗಳಿಂದಲೇ ಅಳೆಯಬಹುದು. ಅನುಪಮಾ ನಿರಂಜನ ಅವರು ಮಕ್ಕಳಿಗೆ ‘ದಿನಕ್ಕೊಂದು ಕಥೆ’ ಬರೆದರು. ಮದುವೆಯಾದವರಿಗೆ ‘ದಾಂಪತ್ಯ ದೀಪಿಕೆ’. ನಡುವಿನ ವಯಸ್ಸಿಗೆ ಅವರು ಕೊಟ್ಟದ್ದು ‘ಕೇಳು ಕಿಶೋರಿ’, ವೈದ್ಯೆಯ ಹಿತವಚನ. ಅದು ಅಗತ್ಯವಾಗಿದ್ದ ಪುಸ್ತಕ, ಎಷ್ಟೋ ಹುಡುಗಿಯರ ಭಯವನ್ನು ಕಳೆದಿರಬೇಕು. ಆದರೆ ಕಿಶೋರಿ ಅಲ್ಲಿ ಕೇಳಬೇಕಾದವಳು. ಅವಳು ಮಾತಾಡುವ ಪುಸ್ತಕ ಬೇರೆ ಯಾರಿಂದಲಾದರೂ ಬರಬೇಕಿತ್ತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು, ಅದು ಹಗುರವಾದುದಲ್ಲ. ಹಿಮದಲ್ಲಿ ಸಿಕ್ಕಿದ ರೈಲಿನ ಹುಡುಗಿ ಅಪರಿಚಿತ ಹುಡುಗನ ಮನೆಯಲ್ಲಿ ರಾತ್ರಿ ಕಳೆದರೆ ಆ ಕಥೆಯಲ್ಲಿ ಅದು ವಿನೋದ. ನಮ್ಮ ಹಳ್ಳಿಯೊಂದರಲ್ಲಿ ಬೇರೆ ಜಾತಿಯ ಹುಡುಗನೊಡನೆ ಬಸ್ ನಿಲ್ದಾಣದಲ್ಲಿ ನಿಂತು ಮಾತಾಡಿದ್ದಕ್ಕೆ ಹುಡುಗಿಯ ಓದು ನಿಲ್ಲಬಹುದು. ಮನೆಯವರ ಕೈಯಲ್ಲೇ ಪ್ರಾಣ ಹೋದ ಪ್ರಸಂಗಗಳೂ ಇವೆ. ಹೀಗಿರುವಾಗ ತ್ರಿವೇಣಿಯವರ ಗಾಂಭೀರ್ಯ ಉಪದೇಶವಲ್ಲ, ಪ್ರಾಮಾಣಿಕತೆ. ಲಘುತ್ವ ಎಂಬುದು ಸುರಕ್ಷಿತರ ಸೊತ್ತು ಎಂದು ಯಾರಾದರೂ ಹೇಳಿದರೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಆ ಸುರಕ್ಷಿತ ಜಾಗವನ್ನು ಕನ್ನಡದಲ್ಲಿ ಕಲ್ಪಿಸಿಕೊಳ್ಳಲೂ ಆಗದಿದ್ದರೆ ಹುಡುಗಿಯರು ಅದನ್ನು ಬೇರೆ ಭಾಷೆಯಲ್ಲಿ ಕಲ್ಪಿಸಿಕೊಳ್ಳುತ್ತಾರೆ. ಕಾಮಠಿಯ ಆ ಮನೆಯಲ್ಲಿ ನಡೆಯುತ್ತಿದ್ದುದು ಅದೇ. ಊಟ, ದೇವರ ದೀಪ, ಅಜ್ಜಿಯ ದೂರವಾಣಿ ಕರೆ, ಬೈಗುಳ ಇವೆಲ್ಲ ಕನ್ನಡದಲ್ಲಿ; ಗೆಳತಿಯರೊಡನೆ ಹರಟೆ ಹಿಂದಿ ಮರಾಠಿಗಳಲ್ಲಿ; ಪ್ರೀತಿಯ ಕನಸು ಇಂಗ್ಲಿಷಿನಲ್ಲಿ. ಕನ್ನಡ ಅವಳಿಗೆ ಹಿರಿಯರ ಭಾಷೆಯಾಗುತ್ತಿತ್ತು, ಮತ್ತು ನಾನು ಕೊಟ್ಟ ಪುಸ್ತಕ ಅದಕ್ಕೆ ಇನ್ನೊಂದು ಪುರಾವೆ ಒದಗಿಸಿತು.

ಪರಂಪರೆಯೆಲ್ಲ ಒಂದೇ ದಿಕ್ಕಿನಲ್ಲಿದೆಯೆಂದು ಭಾವಿಸಬೇಕಾಗಿಲ್ಲ. ಭಾಗವತದ ದಶಮಸ್ಕಂಧದಲ್ಲಿ ಹೇಮಂತದ ಮೊದಲ ಮಾಸದಲ್ಲಿ ವ್ರಜದ ಕುಮಾರಿಯರು ಕಾತ್ಯಾಯನೀ ವ್ರತ ಹಿಡಿಯುತ್ತಾರೆ. ನಸುಕಿನ ಚಳಿಯಲ್ಲಿ ಯಮುನೆಗೆ ಇಳಿಯುತ್ತಾರೆ. ಮನಸ್ಸಿನಲ್ಲಿ ಎಲ್ಲರಿಗೂ ಒಬ್ಬನೇ ಹುಡುಗ. ಅವನು ಬಂದು ಸೀರೆಗಳನ್ನು ಎತ್ತಿಕೊಂಡು ಮರವೇರುತ್ತಾನೆ. ಮದುವೆಯಾಗದ ಹರೆಯ, ಮಾಗಿಯ ಚಳಿ, ತುಂಟಾಟ ಇವು ಮೂರೂ ಕೂಡಿದ ಕಥೆ ಬೇಕಿದ್ದರೆ ಇದೇ ಮೂಲಮಾದರಿ. 16ನೆಯ ಶತಮಾನದಲ್ಲಿ ಚಾಟುವಿಠಲನಾಥನ ಭಾಗವತದೊಂದಿಗೆ ಅದು ಕನ್ನಡಕ್ಕೂ ಬಂತು. ಆದರೆ ವ್ಯಾಖ್ಯಾನಕಾರರು ಸೀರೆಯನ್ನು ಅವಿದ್ಯೆಯ ಆವರಣವೆಂದೂ ಕುಮಾರಿಯರನ್ನು ಜೀವಾತ್ಮರೆಂದೂ ಅರ್ಥೈಸಿದರು. ನಗು ಹೋಗಿ ತತ್ತ್ವ ಉಳಿಯಿತು. ಅವರ ಸಂಕೋಚವೂ ಅಕಾರಣವಲ್ಲ. ನೀರಿನಲ್ಲಿ ನಡುಗುತ್ತಿರುವವರು ಹುಡುಗಿಯರು, ಮರದ ಮೇಲೆ ಆರಾಮವಾಗಿರುವವನು ಹುಡುಗ. ಈ ತಮಾಷೆಯಲ್ಲಿ ಬಲವೆಲ್ಲ ಒಂದೇ ಕಡೆಗಿದೆ. ಇಂದಿನ ಲೇಖಕ ಇದನ್ನು ಹಾಗೆಯೇ ಎತ್ತಿಕೊಳ್ಳಲಾರ.

ಇದಕ್ಕಿಂತ ಉಪಯುಕ್ತವಾದುದು ಆಂಡಾಳ್ ಮಾಡಿದ್ದು. ಮೇಲುಕೋಟೆಯ ಕಡೆಯ ಶ್ರೀವೈಷ್ಣವ ಮನೆಗಳಲ್ಲಿ ಧನುರ್ಮಾಸವಿಡೀ ಕೇಳಿಬರುವ ‘ತಿರುಪ್ಪಾವೈ’ಯ ಮೂವತ್ತು ಪಾಶುರಗಳಲ್ಲಿ ಗೋಪಿಯರ ವ್ರತವೇ ಇದೆ, ಸೀರೆಯ ಪ್ರಸಂಗವಿಲ್ಲ. ಬದಲಿಗೆ ಒಬ್ಬಳು ಇನ್ನೊಬ್ಬಳ ಬಾಗಿಲು ಬಡಿಯುತ್ತಾಳೆ, ಒಳಗಿನವಳು ಏಳುವುದಿಲ್ಲ, ಹೊರಗಿನವರು ಕೆಣಕುತ್ತಾರೆ, ಸೋಮಾರಿ ಎನ್ನುತ್ತಾರೆ, ಒಳಗಿನಿಂದ ಎದುರುತ್ತರ ಬರುತ್ತದೆ. ಅರ್ಧ ದಾರಿಯವರೆಗೆ ಕಥೆ ಗೆಳತಿಯರದು, ಅವನದಲ್ಲ. ಪ್ರೀತಿ ಹರೆಯದಲ್ಲಿ ಮೊದಲು ಗೆಳತಿಯರ ನಡುವಿನ ಮಾತು, ಆಮೇಲೆ ಬೇಕಾದರೆ ಹುಡುಗ ಎಂಬ ಸತ್ಯ ನಮ್ಮ ಜನಪ್ರಿಯ ಕಾದಂಬರಿಗೆ ಏಕೆ ಹೊಳೆಯಲಿಲ್ಲವೋ. ಅಲ್ಲಿ ಗೆಳತಿಗೆ ದೂತಿಯ ಕೆಲಸ, ಇಲ್ಲವೆ ಸವತಿಯ ಕೆಲಸ.

ಕಥೆಗೆ ಬೇಕಾದ ಸಾಮಗ್ರಿಗೆ ಕೊರತೆಯಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಸೇರುತ್ತದೆ. ಆ ನೂಕುನುಗ್ಗಲಿನಲ್ಲಿ ಯಾರೂ ಯಾರನ್ನೂ ಸರಿಯಾಗಿ ಕಾವಲು ಕಾಯಲಾರರು. ಸೊಗಡವರೆಯ ಕಾಲದಲ್ಲಿ ಮನೆಯವರೆಲ್ಲ ಕೂತು ಅವರೆಕಾಳು ಹಿಚುಕುವಾಗ ನಡೆಯುವಷ್ಟು ಹರಟೆ ಬೇರೆ ಯಾವ ಕೆಲಸದಲ್ಲಿಯೂ ನಡೆಯದು. ಸಂಕ್ರಾಂತಿಯಂದು ಎಳ್ಳುಬೆಲ್ಲದ ತಟ್ಟೆ ಹಿಡಿದ ಹುಡುಗಿ ಯಾವ ಮನೆಯ ಬಾಗಿಲನ್ನಾದರೂ ತಟ್ಟಬಹುದು. ವರ್ಷದಲ್ಲಿ ಆ ಒಂದು ದಿನ ಅದಕ್ಕೆ ಕಾರಣ ಹೇಳಬೇಕಾಗಿಲ್ಲ. ವಿದರ್ಭದಲ್ಲಿ ಅದೇ ದಿನ ತಿಳಗುಳ ಕೊಟ್ಟು ಒಳ್ಳೆಯ ಮಾತಾಡಿರೆಂದು ಕೇಳಿಕೊಳ್ಳುತ್ತಾರೆ. ಜಗಳವಾಡಿ ಮಾತು ಬಿಟ್ಟ ಇಬ್ಬರಿಗೆ ಇದಕ್ಕಿಂತ ಅನುಕೂಲದ ಹಬ್ಬವನ್ನು ಕಾದಂಬರಿಕಾರ ತಾನೇ ಕಲ್ಪಿಸಿಕೊಳ್ಳಲಾರ. ಹಿಮ ಮಾಡುವ ಕೆಲಸವನ್ನು, ಅಂದರೆ ನಿಯಮವನ್ನು ಎರಡು ದಿನ ತಡೆದು ನಿಲ್ಲಿಸುವುದನ್ನು, ನಮ್ಮಲ್ಲಿ ಹಬ್ಬ ಮಾಡುತ್ತದೆ. ಶೂನ್ಯಮಾಸವೂ ಆಗ ತೊಡಕಲ್ಲ. ಮದುವೆಯ ಮಾತೆತ್ತಲು ಪಂಚಾಂಗವೇ ಬಿಡದ ಒಂದು ತಿಂಗಳು ಹಗುರವಾದ ಪ್ರೇಮಕಥೆಗೆ ಹೇಳಿಮಾಡಿಸಿದ ಅವಧಿ.

ನಿಜವಾದ ತೊಡಕು ಇರುವುದು ಮಾತಿನಲ್ಲಿ. ಹದಿನಾರರ ಕನ್ನಡ ಯಾವುದು? ಧಾರಾವಾಹಿ ಕಾದಂಬರಿಗಳ ನಾಯಕಿ ಆಡುವುದು ಮೈಸೂರಿನ ಮಧ್ಯಮವರ್ಗದ ಅಚ್ಚುಕಟ್ಟಾದ ಕನ್ನಡ. ಅದರಲ್ಲಿ ಮುನಿಸಿಗೆ ಜಾಗವಿದೆ, ಕೀಟಲೆಗೆ ಇಲ್ಲ. ಕಾಮಠಿಯ ಹುಡುಗಿಯ ಕನ್ನಡ ಅವಳ ತಾಯಿಯ ಧಾರವಾಡದ್ದು, ಮೇಲೆ ನಾಗಪುರದ ಹಿಂದಿಯ ಒಗ್ಗರಣೆ. ಆ ಕನ್ನಡದಲ್ಲಿ ಅವಳು ತಮ್ಮನನ್ನು ಗೇಲಿ ಮಾಡುವುದನ್ನು ನಾನು ಕೇಳಿದ್ದೇನೆ. ಲಯ ತಪ್ಪುತ್ತಿರಲಿಲ್ಲ, ಪೆಟ್ಟೂ ತಪ್ಪುತ್ತಿರಲಿಲ್ಲ. ಅಚ್ಚಿನಲ್ಲಿ ಆ ಮಾತನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಹೊರಡುವ ದಿನ, ಅವಳ ಇಂಗ್ಲಿಷ್ ಪುಸ್ತಕದ ಮೊದಲ ಪುಟವನ್ನು ಕನ್ನಡದಲ್ಲಿ ಹೇಳಿನೋಡು ಎಂದೆ. ‘ಸ್ನೋ’ ಎಂಬಲ್ಲಿಗೆ ಬಂದು ನಿಂತಳು. ‘ಮಂಜು’ ಎಂದರೆ ಬೆಳಿಗ್ಗೆ ಕನ್ಹಾನ್ ನದಿಯ ಮೇಲೆ ಕಾಣುವುದಲ್ಲವೇ ಎಂದು ಕೇಳಿದಳು. ಹೌದು ಎಂದೆ. ಹಾಗಾದರೆ ಅದೇ ಇರಲಿ ಎಂದು ರೈಲನ್ನು ಕಾಮಠಿಯ ಮಂಜಿನಲ್ಲಿಯೇ ನಿಲ್ಲಿಸಿ ಕಥೆ ಮುಂದುವರಿಸಿದಳು.