ಬೆನ್ನು ಮತ್ತು ಬಾಯಿ: ಶೆಫೀಲ್ಡಿನ ಹಳೆಯ ಕ್ಷೌರಕತ್ತಿಗಳು

ಇಂಗ್ಲೆಂಡಿನ ಹಳೆಯ ಕ್ಷೌರಕತ್ತಿ ಎಂದರೆ ಬಹುಮಟ್ಟಿಗೆ ಶೆಫೀಲ್ಡಿನ ಕತ್ತಿಯೇ. 18ನೆಯ ಶತಮಾನದ ನಡುಭಾಗದಿಂದ 20ನೆಯ ಶತಮಾನದ ಮೊದಲ ದಶಕಗಳವರೆಗೆ ಆ ಊರಿನಲ್ಲಿ ತಯಾರಾದ ಮಡಿಚುವ ಕತ್ತಿಗಳು ಹರಾಜುಗಳಲ್ಲಿ, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತವೆ. ಕೂಡಿಡಲೆಂದೇ ಕೊಳ್ಳುವವರಿದ್ದಾರೆ, ಸಾಣೆ ಹಿಡಿದು ದಿನವೂ ಗಡ್ಡ ಹೆರೆಯುವವರೂ ಇದ್ದಾರೆ. ಇವು ಎರಡು ಬೇರೆ ಹವ್ಯಾಸಗಳೆಂದು ಎಣಿಸುವುದು ರೂಢಿಯಾದರೂ ಆ ಎಣಿಕೆ ಸರಿಯಲ್ಲ. ಕತ್ತಿಯ ಮೇಲ್ಮೆ ಇರುವುದು ಉಕ್ಕಿನ ಹದದಲ್ಲಿ, ಬೆನ್ನಿಗೂ ಬಾಯಿಗೂ ಇರುವ ಅಳತೆಯಲ್ಲಿ. ಅದನ್ನು ಅರಿಯದ ಸಂಗ್ರಹದಲ್ಲಿ ಉಳಿಯುವುದು ಹೊಳಪು ಮಾತ್ರ.

ಉಕ್ಕಿನ ಕಥೆ ಬೆಂಜಮಿನ್ ಹಂಟ್ಸ್‌ಮನ್‌ನಿಂದ ಶುರುವಾಗುತ್ತದೆ. ಗಡಿಯಾರದ ಕೆಲಸದವನಾಗಿದ್ದ ಆತನಿಗೆ ಒಳ್ಳೆಯ ಸ್ಪ್ರಿಂಗ್ ಬೇಕಿತ್ತು. 1740ರ ದಶಕದಲ್ಲಿ ಅವನು ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಪೂರ್ತಿ ಕರಗಿಸಿ ಎರಕ ಹೊಯ್ಯುವ ಕ್ರಮ ಕಂಡುಕೊಂಡ. ಕರಗಿದಾಗ ಕಿಟ್ಟ ಮೇಲೆ ತೇಲಿ ಬೇರೆಯಾಗುತ್ತದೆ, ಇಂಗಾಲ ಎಲ್ಲೆಡೆ ಒಂದೇ ಸಮನಾಗಿ ಹರಡುತ್ತದೆ. ಕೂದಲನ್ನು ಕತ್ತರಿಸುವಷ್ಟು ತೆಳುವಾದ ಬಾಯಿ ಅಲ್ಲಲ್ಲಿ ಮುಕ್ಕಾಗದೆ ನಿಲ್ಲಬೇಕಾದರೆ ಈ ಏಕರೂಪತೆ ಬೇಕೇ ಬೇಕು. ಮೂಸೆಯ ಉಕ್ಕು ಹಂಟ್ಸ್‌ಮನ್‌ಗಿಂತ ಬಹಳ ಹಿಂದೆಯೇ ದಕ್ಷಿಣ ಭಾರತದಲ್ಲಿತ್ತು. ಮೈಸೂರು ಸೀಮೆಯಲ್ಲಿ ಅದನ್ನು ಮಾಡುತ್ತಿದ್ದ ಬಗೆಯನ್ನು ಫ್ರಾನ್ಸಿಸ್ ಬುಕಾನನ್ 1800ರ ತನ್ನ ಪ್ರವಾಸದಲ್ಲಿ ಕಂಡು ಬರೆದಿಟ್ಟಿದ್ದಾನೆ. ಇಂಗ್ಲೆಂಡಿನಲ್ಲಿ ವೂಟ್ಜ್ ಎಂದು ಹೆಸರಾದ ಈ ಉಕ್ಕನ್ನು ಮೈಕೆಲ್ ಫ್ಯಾರಡೆ 1819ರಲ್ಲಿ ವಿಶ್ಲೇಷಿಸಿದ. ಮುಂದೆ ಕತ್ತಿ ತಯಾರಕ ಜೇಮ್ಸ್ ಸ್ಟೊಡಾರ್ಟ್ ಜೊತೆ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಮೊದಲಾದವನ್ನು ಬೆರೆಸಿ ನೋಡಿದ. ಐನೂರರಲ್ಲಿ ಒಂದು ಪಾಲಿನಷ್ಟು ಬೆಳ್ಳಿ ಮಾತ್ರ ಉಕ್ಕಿನೊಡನೆ ಚೆನ್ನಾಗಿ ಬೆರೆಯುತ್ತದೆಂದು ಅವರು ಕಂಡರು. ಆ ಶತಮಾನದ ಎಷ್ಟೋ ಕತ್ತಿಗಳ ಮೇಲೆ ‘ಸಿಲ್ವರ್ ಸ್ಟೀಲ್’ ಎಂಬ ಅಚ್ಚು ಬಂದದ್ದು ಈ ಪ್ರಯೋಗಗಳ ಹೆಸರಿನಿಂದ. ಅಚ್ಚಿದೆ ಎಂದ ಮಾತ್ರಕ್ಕೆ ಒಳಗೆ ಬೆಳ್ಳಿ ಇದೆಯೆಂದು ನಂಬಿ ಹೆಚ್ಚು ಹಣ ತೆರಬೇಕಿಲ್ಲ.

ಈ ಕತ್ತಿಗಳ ಚೆಲುವನ್ನು ಹೊಗಳುವಾಗ ಅವನ್ನು ಅರೆದವರ ಎದೆಯನ್ನೂ ನೆನೆಯಬೇಕು. ಮರಳುಗಲ್ಲಿನ ಚಕ್ರದ ಧೂಳು ಶ್ವಾಸಕೋಶ ಸೇರಿ ಶೆಫೀಲ್ಡಿನ ಕಾರ್ಮಿಕರು ಎಳೆವಯಸ್ಸಿನಲ್ಲೇ ಸಾಯುತ್ತಿದ್ದರು. ನೀರಿಲ್ಲದೆ ಅರೆಯುವವರು ಮೂವತ್ತೈದು, ನೀರು ಬಳಸುವವರು ನಲವತ್ತೈದು ದಾಟುವುದು ಅಪರೂಪ ಎಂಬ ವೈದ್ಯ ನೈಟ್‌ರ ಮಾತನ್ನು ಎಂಗೆಲ್ಸ್ 1845ರ ತನ್ನ ಪುಸ್ತಕದಲ್ಲಿ ಎತ್ತಿಕೊಂಡಿದ್ದಾನೆ.

ಹಳೆಯ ಇಂಗ್ಲಿಷ್ ಅಲಗು ಅಡ್ಡಕೊಯ್ತದಲ್ಲಿ ಬೆಣೆಯಾಕಾರದ್ದು: ಬೆನ್ನಿನಲ್ಲಿ ದಪ್ಪ, ಬಾಯಿಯವರೆಗೂ ನೇರ ಇಳಿಜಾರು. ಜರ್ಮನಿಯ ಸೋಲಿಂಗನ್ ಹೆಸರಾದದ್ದು ಪಕ್ಕಗಳನ್ನು ಒಳಬಾಗಿಸಿ ಅರೆದ ತೆಳು ಅಲಗಿನಿಂದ. 19ನೆಯ ಶತಮಾನದ ಕೊನೆಗೆ ಶೆಫೀಲ್ಡೂ ಆ ದಾರಿ ಹಿಡಿಯಿತು. ತೆಳು ಅಲಗು ಹೆರೆಯುವಾಗ ಸದ್ದು ಮಾಡಿ ಕೈಗೆ ಸುಳಿವು ಕೊಡುತ್ತದೆ, ಮಸೆಯುವುದೂ ಸುಲಭ. ಬೆಣೆಯ ಅಲಗು ಮೌನ. ಆದರೆ ಒರಟು ಗಡ್ಡದಲ್ಲಿ ಅದರ ಭಾರವೇ ಕೆಲಸ ಮಾಡುತ್ತದೆ, ಅಲಗು ನಡುಗುವುದಿಲ್ಲ. ವೇಡ್ ಅಂಡ್ ಬುಚರ್ ಕಂಪನಿಯ ಒಂದು ಅಂಗುಲ ಅಗಲದ ಕತ್ತಿಗಳಿಗೆ ಇಂದಿಗೂ ಇರುವ ಬೇಡಿಕೆ, ಈ ಕಾರಣಕ್ಕೆ, ನ್ಯಾಯವಾದದ್ದೇ.

ಕಾಲ ಗುರುತಿಸಲು ಅಲಗಿನ ಬುಡದ ಅಚ್ಚು ನೆರವಾಗುತ್ತದೆ. ಕಿರೀಟದೊಡನೆ ‘ಡಬ್ಲ್ಯು ಆರ್’ ಇದ್ದರೆ ನಾಲ್ಕನೆಯ ವಿಲಿಯಂನ 1830–37ರ ಆಳ್ವಿಕೆ, ‘ವಿ ಆರ್’ ಇದ್ದರೆ ವಿಕ್ಟೋರಿಯಾ ಕಾಲ. ಆಮದು ಸರಕಿನ ಮೇಲೆ ದೇಶದ ಹೆಸರಿರಬೇಕೆಂದು ಅಮೆರಿಕ 1890ರ ಮೆಕಿನ್ಲೆ ಸುಂಕ ಕಾಯ್ದೆಯಲ್ಲಿ ವಿಧಿಸಿದ್ದರಿಂದ, ‘ಇಂಗ್ಲೆಂಡ್’ ಎಂಬ ಅಚ್ಚು ಸಾಮಾನ್ಯವಾಗಿ ಅದರ ನಂತರದ್ದು. ಜೋಸೆಫ್ ರಾಜರ್ಸ್‌ನ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ, ವೊಸ್ಟನ್‌ಹೋಮ್‌ನ ‘ಐ ಎಕ್ಸ್ ಎಲ್’ ಗುರುತುಗಳಿಗೆ ಬೆಲೆ ಹೆಚ್ಚು. ಹೆಸರಿಲ್ಲದ ತಯಾರಕನ ಕತ್ತಿ ಎಷ್ಟೋ ಸಲ ಇವುಗಳಷ್ಟೇ ಚೆನ್ನಾಗಿ ಹೆರೆಯುತ್ತದೆಂಬುದು ಬಳಸಿದವರಿಗೆ ಗೊತ್ತು.

ಹವ್ಯಾಸದ ದೊಡ್ಡ ದೋಷ ದುರಸ್ತಿಯಲ್ಲಿದೆ. ಕನ್ನಡಿಯಂತೆ ಹೊಳೆಯುವ ಅಲಗಿಗೆ ಹೆಚ್ಚು ಹಣ ಸಿಗುವುದರಿಂದ ಯಂತ್ರದ ಚಕ್ರಕ್ಕೆ ಒಡ್ಡುವ ಚಾಳಿ ಬೆಳೆದಿದೆ. ಇದರಿಂದ ಅಚ್ಚು ಮಾಸುತ್ತದೆ, ಚಿನ್ನದ ಲೇಪದ ಚಿತ್ರ ಅಳಿಸಿಹೋಗುತ್ತದೆ. ಅದಕ್ಕೂ ಕೆಟ್ಟದ್ದು ಶಾಖ: ತೆಳು ಬಾಯಿ ಕ್ಷಣದಲ್ಲಿ ಕಾದು ನೀಲಿ ತಿರುಗಿದರೆ ಹದ ಹೋಯಿತೆಂದೇ ಅರ್ಥ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು. ನೀರಿನಲ್ಲಿ ನೆನೆಸಿದ ಮರಳುಕಾಗದದಿಂದ ಕೈಯಲ್ಲೇ ತಿಕ್ಕಿ, ಕೆಂಪು ತುಕ್ಕು ತೆಗೆದು, ಕಪ್ಪು ಕಲೆಗಳನ್ನು ಹಾಗೇ ಬಿಡುವುದು ಸರಿಯಾದ ಕ್ರಮ. ಬೆನ್ನಿನ ಬಳಿಯ ಗುಳಿಗಳಿಂದ ತೊಂದರೆಯಿಲ್ಲ. ಬಾಯಿಗೆ ತಾಗಿದ ಗುಳಿ ಇರುವ ಕತ್ತಿಯನ್ನು ಕೊಳ್ಳದಿರುವುದೇ ಮೇಲು.

ಸಾಣೆಯಲ್ಲಿ ಕತ್ತಿಯ ಜಾಣ್ಮೆ ಬಯಲಾಗುತ್ತದೆ. ಬೆನ್ನು, ಬಾಯಿ ಎರಡನ್ನೂ ಕಲ್ಲಿಗೆ ತಾಗಿಸಿಯೇ ಎಳೆಯುವುದರಿಂದ ಬೆನ್ನೇ ಕೋನವನ್ನು ನಿರ್ಧರಿಸುತ್ತದೆ. ಅಲಗು 19 ಮಿ.ಮೀ. ಅಗಲವಾಗಿ, ಬೆನ್ನು 5.5 ಮಿ.ಮೀ. ದಪ್ಪವಿದ್ದರೆ ಬಾಯಿಯ ಕೋನ ಸುಮಾರು 17 ಡಿಗ್ರಿ. ಬಾಯಿ ಸವೆದು ಅಗಲ 16 ಮಿ.ಮೀ.ಗೆ ಇಳಿದರೆ ಕೋನ 20 ಡಿಗ್ರಿಗೆ ಏರಿ ಕತ್ತಿ ಮೊಂಡಾಗುತ್ತದೆ. ಬೆನ್ನು 4 ಮಿ.ಮೀ.ಗೆ ಸವೆದಿದ್ದರೆ ಕೋನ 12 ಡಿಗ್ರಿಗೆ ಇಳಿದು ಬಾಯಿ ಚೂರಾಗುತ್ತದೆ. ಕೊಳ್ಳುವಾಗ ಅಚ್ಚಿಗಿಂತ ಮೊದಲು ಬೆನ್ನಿನ ಸವೆತ ನೋಡಬೇಕೆನ್ನುವುದು ಇದಕ್ಕೇ. ಬೆಣೆಯ ಅಲಗಿನಲ್ಲಿ ಇಡೀ ಪಕ್ಕವೇ ಕಲ್ಲಿಗೆ ಕೂರುವುದರಿಂದ ಬೆನ್ನಿಗೆ ಟೇಪು ಅಂಟಿಸಿ ಮಸೆಯುತ್ತಾರೆ. ಸಂಪ್ರದಾಯಸ್ಥರು ಒಪ್ಪದಿದ್ದರೂ ಉಕ್ಕು ಉಳಿಸುವ ಉಪಾಯ ಅದು. ಹಳೆಯ ಅಲಗುಗಳ ಬಾಯಿ ತುಸು ಬಾಗಿರುತ್ತದೆ. ಅದನ್ನು ಉರುಳಿಸುತ್ತಾ ಮಸೆಯಬೇಕೇ ಹೊರತು ನೇರ ಮಾಡಹೋಗಬಾರದು. 1000 ಗ್ರಿಟ್‌ನ ಕಲ್ಲಿನಲ್ಲಿ ಕೋನ ಕೂರಿಸಿ, 12000ದವರೆಗೆ ನಯವಾದ ಕಲ್ಲುಗಳಿಗೆ ಏರಿ, ಕೊನೆಗೆ ಬಟ್ಟೆಯ ಪಟ್ಟಿ, ತೊಗಲಿನ ಪಟ್ಟಿಗಳ ಮೇಲೆ ಬೆನ್ನು ಮುಂದಾಗಿ ಎಳೆದರೆ ಕತ್ತಿ ಸಿದ್ಧ.

ಹೆರೆಯುವಾಗ ಚರ್ಮವನ್ನು ಬಿಗಿಹಿಡಿದು, ಅಲಗನ್ನು ಸುಮಾರು 30 ಡಿಗ್ರಿ ವಾಲಿಸಿ, ಒತ್ತದೆ ಎಳೆಯಬೇಕು. ಹೊಸಬರು ಕೆನ್ನೆಯಲ್ಲಿ ಪಳಗಿದ ಮೇಲೆ ಗಲ್ಲಕ್ಕೆ ಹೋಗುವುದು ಒಳ್ಳೆಯದು. ಕ್ಷೌರದಂಗಡಿಗಳಲ್ಲಿ ಗಿರಾಕಿಗೊಂದು ಹೊಸ ಬ್ಲೇಡ್ ಹಾಕುವುದು ರಕ್ತದಿಂದ ಹರಡುವ ರೋಗಗಳ ಭಯದಿಂದ. ಹಳೆಯ ಕತ್ತಿಗೂ ಆ ಎಚ್ಚರ ಬೇಕು. ಸೋಂಕುನಾಶಕದಿಂದ ಶುಚಿಮಾಡದೆ ಮುಖಕ್ಕೆ ತರಬಾರದು, ಇನ್ನೊಬ್ಬರಿಗೆ ಕೊಡಲೂಬಾರದು.

ಹಿಡಿಗಳಲ್ಲಿ ಕೊಂಬಿನದು ಬಾಳಿಕೆಯದು. ದಂತದ ಹಿಡಿಯ ಮೋಹವನ್ನು ಬಿಡುವುದು ಲೇಸು: ಬ್ರಿಟನ್ನಿನ 2018ರ ದಂತ ಕಾಯ್ದೆ ಅದರ ವ್ಯಾಪಾರವನ್ನು ಬಹುಪಾಲು ನಿಲ್ಲಿಸಿದೆ, ಭಾರತದಲ್ಲೂ ಅದು ನಿಷಿದ್ಧ. ಸೆಲ್ಯುಲಾಯ್ಡ್ ಹಿಡಿ ವರ್ಷಗಳು ಕಳೆದಂತೆ ಕೊಳೆತು ಆಮ್ಲದ ಆವಿ ಬಿಡುತ್ತದೆ. ಪಕ್ಕದ ಅಲಗುಗಳಿಗೂ ತುಕ್ಕು ಹಿಡಿಸುತ್ತದೆ. ಅಂಥದನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಉಳಿದವುಗಳೊಡನೆ ಇಡದೆ, ಹಿಡಿ ಬಿರುಕು ಬಿಡತೊಡಗಿದರೆ ಬದಲಿಸಿ, ಅಲಗನ್ನು ಒರೆಸಿ ತೆಳುವಾಗಿ ಎಣ್ಣೆ ಸವರಿಡಬೇಕು.